ಶಿಡ್ಲಘಟ್ಟದಿಂದ ಬಹರೈನ್‌ಗೆ: ಹೊರಡುವ ಮುನ್ನ ಒಂದು ಮಾತು

ಚಿಕ್ಕಬಳ್ಳಾಪುರ ಜಿಲ್ಲೆಯ ನಕಾಶೆಯನ್ನು ಒಮ್ಮೆ ಬಿಡಿಸಿ ನೋಡಿ. ಪಶ್ಚಿಮದ ಅಂಚಿನಲ್ಲಿ ಗೌರಿಬಿದನೂರು. ಅಲ್ಲಿಂದ ಪೂರ್ವಕ್ಕೆ ಬಂದರೆ ನಂದಿ ಬೆಟ್ಟದ ಸಾಲಿನ ಮಗ್ಗುಲಲ್ಲಿ ಚಿಕ್ಕಬಳ್ಳಾಪುರ. ಮತ್ತೆ ಪೂರ್ವಕ್ಕೆ ಶಿಡ್ಲಘಟ್ಟ, ಅದನ್ನೂ ದಾಟಿದರೆ ಚಿಂತಾಮಣಿ. ನಾಲ್ಕು ಊರುಗಳನ್ನೂ ಬಸ್ಸಿನಲ್ಲಿ ಕುಳಿತು ಒಂದೇ ಹಗಲಿನಲ್ಲಿ ನೋಡಿ ಬರಬಹುದು. ಒಂದು ತುದಿಯಿಂದ ಇನ್ನೊಂದು ತುದಿಗೆ ನೂರು ಕಿಲೊಮೀಟರ್ ಕೂಡಾ ಇಲ್ಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಈ ಜಿಲ್ಲೆಯ ವಿಸ್ತೀರ್ಣ ಸುಮಾರು 4,200 ಚದರ ಕಿಲೊಮೀಟರ್. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಹನ್ನೆರಡೂವರೆ ಲಕ್ಷ.

ಇನ್ನು ಅರಬ್ ಕೊಲ್ಲಿಯ ನಕಾಶೆಯನ್ನು ನೋಡಿ. ಸೌದಿ ಅರೇಬಿಯದ ಪಕ್ಕದಲ್ಲಿ ನೀರಿನ ಮೇಲೆ ಬಿದ್ದ ಒಂದು ಅಕ್ಕಿ ಕಾಳಿನಂತೆ ಕಾಣುವುದೇ ಬಹರೈನ್. ಇಡೀ ದೇಶದ ವಿಸ್ತೀರ್ಣ ಸುಮಾರು 780 ಚದರ ಕಿಲೊಮೀಟರ್ ಮಾತ್ರ. ಅಂದರೆ ನಮ್ಮ ಈ ಜಿಲ್ಲೆಯ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ 2020ರ ಜನಗಣತಿಯಂತೆ ಅಲ್ಲಿ ವಾಸಿಸುವವರು 15 ಲಕ್ಷ ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೊರದೇಶದವರು. ಭಾರತೀಯರೇ ಮೂರು ಲಕ್ಷಕ್ಕೂ ಅಧಿಕ.

ದೊಡ್ಡ ಜಿಲ್ಲೆಯಿಂದ ಪುಟ್ಟ ದೇಶಕ್ಕೆ ಜನರು ಏಕೆ ಹೋಗುತ್ತಾರೆ? "ದುಡ್ಡಿಗಾಗಿ" ಎಂದು ನೀವು ತಟ್ಟನೆ ಹೇಳಬಹುದು. ಅದು ಸುಳ್ಳಲ್ಲ, ಆದರೆ ಅದು ಪೂರ್ತಿ ಉತ್ತರವೂ ಅಲ್ಲ. ದುಡ್ಡೊಂದೇ ಕಾರಣವಾಗಿದ್ದರೆ ಮನೆಯ ಗಂಡಸು ಮಾತ್ರ ಹೋಗಿ ಬರುತ್ತಿದ್ದ. ಹೆಂಡತಿ ಮಕ್ಕಳನ್ನು ಕರೆದುಕೊಂಡು, ಪಾತ್ರೆ ಪಗಡ ಕಟ್ಟಿಕೊಂಡು, ಶಾಲೆಯಿಂದ ವರ್ಗಾವಣೆ ಪತ್ರ ಪಡೆದು ಹೊರಡುವುದು ಬೇರೆಯೇ ವಿಷಯ. ಅಂಥ ನಿರ್ಧಾರದ ಹಿಂದಿನ ಕಾರಣಗಳನ್ನು ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ. ಏಕೆಂದರೆ ನಾಳೆ ನಿಮ್ಮ ಮನೆಯಲ್ಲೂ ಈ ಮಾತು ಬರಬಹುದು.

ಗೂಡು ಬಿಚ್ಚುವ ಕೈಗಳು

ಕಾರಣಗಳು ಶುರುವಾಗುವುದು ಹೊರಡುವ ಊರಿನಿಂದ. ಹಾಗಾಗಿ ಮೊದಲು ಶಿಡ್ಲಘಟ್ಟಕ್ಕೆ ಬನ್ನಿ. ಈ ಊರಿನ ಹೆಸರು ಹೇಳಿದರೆ ಸಾಕು, ರೇಷ್ಮೆ ನೆನಪಾಗುತ್ತದೆ. ದೇಶದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಇದೂ ಒಂದು. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು ಸುತ್ತಲಿನ ಹಳ್ಳಿಗಳ ರೈತರು. ಅವರು ತಂದ ಗೂಡನ್ನು ಹರಾಜಿನಲ್ಲಿ ಕೊಂಡು ನೂಲು ಬಿಚ್ಚುವವರಲ್ಲಿ ಮುಸ್ಲಿಮರೇ ಹೆಚ್ಚು. ರೇಷ್ಮೆ ಧರಿಸುವುದು ಪುರುಷರಿಗೆ ನಿಷಿದ್ಧವಾಗಿರುವ ಸಮುದಾಯವೊಂದು ಊರಿಗೆಲ್ಲಾ ರೇಷ್ಮೆ ಬಿಚ್ಚಿ ಕೊಟ್ಟು ಹೊಟ್ಟೆ ಹೊರೆಯುತ್ತದೆ ಎಂಬುದು ಇಲ್ಲಿನ ವಿಶೇಷ.

ರೀಲಿಂಗ್ ಘಟಕದೊಳಗೆ ಒಮ್ಮೆ ಕಾಲಿಟ್ಟರೆ ಆ ವಾಸನೆಯನ್ನು ನೀವು ಮರೆಯಲಾರಿರಿ. ಬೇಯುವ ಗೂಡು, ಸತ್ತ ಹುಳು, ಹೊಗೆ, ಹಬೆ ಎಲ್ಲವೂ ಬೆರೆತ ಗಾಳಿ ಅದು. ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತ ಹೆಂಗಸು ಕೈ ಅದ್ದಿ ಗೂಡಿನ ಎಳೆಯ ತುದಿಯನ್ನು ಹುಡುಕುತ್ತಾಳೆ. ದಿನವಿಡೀ ನೀರಿನಲ್ಲಿ ನೆನೆದ ಬೆರಳುಗಳ ಸಂದಿ ಬಿರಿದಿರುತ್ತದೆ. ಒಂದು ಕಿಲೊ ನೂಲಿಗೆ ಸುಮಾರು ಏಳು ಕಿಲೊ ಗೂಡು ಬೇಕು. ಈಗ ಸ್ವಯಂಚಾಲಿತ ಯಂತ್ರಗಳೂ ಬಂದಿವೆ. ಆದರೆ ಅವುಗಳಿಗೆ ಬೇಕಾದ ಬಂಡವಾಳ ಸಣ್ಣ ರೀಲರ್‌ಗಳ ಕೈಗೆಟುಕುವಂಥದ್ದಲ್ಲ.

ಕಷ್ಟ ಎಷ್ಟೇ ಇರಲಿ, ಬೆಲೆ ಸ್ಥಿರವಾಗಿದ್ದರೆ ಜನರು ಊರಲ್ಲೇ ಉಳಿಯುತ್ತಾರೆ. ಸ್ಥಿರತೆ ಇಲ್ಲದಿರುವುದೇ ಇಲ್ಲಿನ ತೊಂದರೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಅಗ್ಗದ ಚೀನಾ ರೇಷ್ಮೆಯ ಮುಂದೆ ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. ಬಳಿಕ ಸುಂಕವನ್ನು ಏರಿಸಲಾಯಿತು ನಿಜ. ಆದರೆ ದಿಲ್ಲಿಯಲ್ಲಿ ಹಾಕುವ ಒಂದು ಸಹಿ ಶಿಡ್ಲಘಟ್ಟದ ಒಲೆಯನ್ನು ಆರಿಸಬಲ್ಲದು ಎಂಬ ಭಯ ಮನಸ್ಸಿನಲ್ಲಿ ಉಳಿಯಿತು. "ನನ್ನ ಮಗ ಈ ತೊಟ್ಟಿಯ ಮುಂದೆ ಕುಳಿತುಕೊಳ್ಳುವುದು ಬೇಡ" ಎಂದು ತಾಯಿಯೊಬ್ಬಳು ಬಯಸಿದರೆ ಅದನ್ನು ದುರಾಸೆ ಎನ್ನಬಹುದೇ?

ನೀರು, ನೆಲ ಮತ್ತು ನೆರೆಹೊರೆ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವಾಗ ಕಿಟಕಿಯ ಹೊರಗೆ ನೋಡಿ. ಕೆಂಪು ಮಣ್ಣು, ಟೊಮೆಟೊ ಸಾಲುಗಳು, ಬೋಳು ಬಂಡೆಗಳು ಮತ್ತು ಕೆರೆಗಳ ಬಯಲು. ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದೂ ನದಿಯಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿ ಹೋದರೂ ನೀರು ಸಿಗುವ ಖಾತರಿಯಿಲ್ಲ. ಸಿಕ್ಕಿದರೂ ಹಲವೆಡೆ ಫ್ಲೋರೈಡ್‌ನ ಕಾಟ. ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಯೋಜನೆ ಬಂತು. ಪಶ್ಚಿಮ ಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದಲ್ಲಿ ಚಾಲನೆ ದೊರೆಯಿತು. ಆದರೆ ಕೊಡ ಹಿಡಿದು ಟ್ಯಾಂಕರ್‌ಗಾಗಿ ಕಾಯುವವಳು ಹೆಂಗಸೇ ಅಲ್ಲವೇ? ಊರು ಬಿಡುವ ಕಾರಣಗಳ ಪಟ್ಟಿಯಲ್ಲಿ ಗಂಡಸರು ಸಂಬಳವನ್ನು ಮೊದಲು ಬರೆದರೆ ಹೆಂಗಸರು ನೀರನ್ನು ಮೊದಲು ಬರೆದಾರು.

ಚಿಂತಾಮಣಿ ತಾಲೂಕಿನ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ಮನೆಯಲ್ಲಿ ದಕ್ಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮಾತಾಡುವ ಜನ ಇವರು. ಗೌರಿಬಿದನೂರಿನ ಪಕ್ಕದ ವಿದುರಾಶ್ವತ್ಥದಲ್ಲಿ 1938ರ ಎಪ್ರಿಲ್ 25ರಂದು ಸ್ವಾತಂತ್ರ್ಯದ ಸಭೆಗೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಲಾಯಿತು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಆ ಸ್ಥಳವನ್ನು ಕರೆಯಲಾಗುತ್ತದೆ. ಇಂಥ ಮಣ್ಣಿನ ಮಕ್ಕಳಿಗೆ ಊರು ಬಿಡುವುದು ಸುಲಭವೆಂದು ಯಾರೂ ಭಾವಿಸಬಾರದು.

ಇನ್ನೊಂದು ಕಾರಣವನ್ನೂ ಮುಚ್ಚಿಡದೆ ಹೇಳಬೇಕು. 2022ರಲ್ಲಿ ಹಿಜಾಬ್ ವಿವಾದ ನಮ್ಮ ರಾಜ್ಯವನ್ನು ಅಲುಗಾಡಿಸಿತು. ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಇವೆಲ್ಲವನ್ನೂ ಹೆಣ್ಣುಮಕ್ಕಳ ತಾಯಂದಿರು ಉಸಿರು ಬಿಗಿಹಿಡಿದು ಕೇಳಿದ್ದರು. ಮಗಳ ತಲೆಯ ಬಟ್ಟೆ ಯಾರಿಗೂ ಸುದ್ದಿಯಾಗದ ಕಡೆ ಆಕೆ ಓದಲಿ ಎಂಬ ಆಸೆ ಆ ವರ್ಷ ಅನೇಕ ಮನೆಗಳಲ್ಲಿ ಹುಟ್ಟಿತು. ಅದಕ್ಕಾಗಿ ಎಲ್ಲರೂ ದೇಶ ಬಿಟ್ಟು ಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ. ಆದರೆ ಕಾರಣಗಳನ್ನು ಎಣಿಸುವಾಗ ಇದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಮನೆ ಬಾಗಿಲಿಗೆ ಬಂದ ವಿಮಾನ

ಹಿಂದೆ ಗಲ್ಫ್‌ಗೆ ಹೋಗುವುದೆಂದರೆ ಹಲವರಿಗೆ ಮುಂಬೈ ದಾರಿ. ರೈಲಿನಲ್ಲಿ ಮುಂಬೈ, ಅಲ್ಲಿ ಏಜೆಂಟರ ಕೋಣೆಯಲ್ಲಿ ದಿನಗಟ್ಟಲೆ ಕಾಯುವಿಕೆ. 2008ರ ಮೇ 24ರಂದು ದೇವನಹಳ್ಳಿಯಲ್ಲಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಆರಂಭವಾದ ನಂತರ ಚಿತ್ರವೇ ಬದಲಾಯಿತು. ಬೆಂಗಳೂರಿನ ದಕ್ಷಿಣ ಭಾಗದವರಿಗಿಂತ ಚಿಕ್ಕಬಳ್ಳಾಪುರದವರಿಗೆ ಈ ನಿಲ್ದಾಣ ಹತ್ತಿರ. ಹೆದ್ದಾರಿಯಲ್ಲಿ ಒಂದು ಗಂಟೆಯೂ ಬೇಡ. ದ್ರಾಕ್ಷಿ ಚಪ್ಪರ ಮತ್ತು ಹೂವಿನ ತೋಟಗಳ ಮೇಲೆಯೇ ವಿಮಾನಗಳು ಹಾರುತ್ತವೆ. ಭೂಮಿಯ ಬೆಲೆ ಏರಿತು, ಬಾಡಿಗೆ ಏರಿತು. ಸ್ವಂತ ಜಮೀನು ಇಲ್ಲದವರಿಗೆ ಊರಲ್ಲಿ ಒಂದು ನಿವೇಶನ ಕೊಳ್ಳುವುದೂ ಕನಸಾಯಿತು. ಊರು ದುಬಾರಿಯಾದಂತೆ ಪರದೇಶ ಹತ್ತಿರವಾಯಿತು.

ಪುಟ್ಟ ನಾಡೇ ಏಕೆ?

ಗಲ್ಫ್‌ನಲ್ಲಿ ದೊಡ್ಡ ದೇಶಗಳಿವೆ, ಹೆಚ್ಚು ಸಂಬಳದ ನಗರಗಳಿವೆ. ಹಾಗಿದ್ದೂ ಕುಟುಂಬ ಸಮೇತ ಹೋಗುವ ಕೆಲವರು ಬಹರೈನ್‌ನಂಥ ಪುಟ್ಟ ದ್ವೀಪವನ್ನು ಏಕೆ ಆರಿಸಿಕೊಳ್ಳುತ್ತಾರೆ?

ಮೊದಲನೆಯದು, ಅದರ ಚಿಕ್ಕತನವೇ. ದ್ವೀಪದ ಉದ್ದ ಸುಮಾರು 50 ಕಿಲೊಮೀಟರ್. ಗೌರಿಬಿದನೂರಿನಿಂದ ಶಿಡ್ಲಘಟ್ಟ ತಲುಪುವ ಮೊದಲೇ ಆ ದೇಶ ಮುಗಿದು ಸಮುದ್ರ ಬರುತ್ತದೆ! ಗಂಡನ ಕೆಲಸದ ಸ್ಥಳ, ಮಕ್ಕಳ ಶಾಲೆ, ಆಸ್ಪತ್ರೆ, ಮಸೀದಿ ಯಾವುದೂ ದೂರವಲ್ಲ. ಗಂಡ ಮರುಭೂಮಿಯ ಯಾವುದೋ ಶಿಬಿರದಲ್ಲಿ, ಹೆಂಡತಿ ನಗರದ ಕೋಣೆಯಲ್ಲಿ ಎಂಬ ಸ್ಥಿತಿ ಅಲ್ಲಿ ಕಡಿಮೆ. ರಾತ್ರಿ ಊಟಕ್ಕೆ ಎಲ್ಲರೂ ಒಂದೇ ದಸ್ತರ್‌ಖಾನ್‌ನ ಸುತ್ತ ಕುಳಿತುಕೊಳ್ಳಬಹುದು. ಇದು ಸಣ್ಣ ಸಂಗತಿಯೇ? ಫೋನಿನಲ್ಲೇ ಮಗುವನ್ನು ಬೆಳೆಸಿದ ತಾಯಂದಿರನ್ನು ಕೇಳಿ ನೋಡಿ.

ಎರಡನೆಯದು, ಊರಿನ ಸಾಮೀಪ್ಯ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಸಮಯದ ಅಂತರ ಎರಡೂವರೆ ಗಂಟೆ ಮಾತ್ರ. ಅಮ್ಮನಿಗೆ ಕಾಯಿಲೆ ಎಂದರೆ ಮರುದಿನ ಹಾಸಿಗೆಯ ಬಳಿ ಇರಬಹುದು. ಅಮೆರಿಕ, ಕೆನಡಾದಿಂದ ಮಯ್ಯಿತ್‌ನ ಮುಖ ನೋಡಲು ಬರಲಾಗದವರ ನೋವನ್ನು ಕಂಡವರಿಗೆ ಈ ನಾಲ್ಕೂವರೆ ಗಂಟೆಯ ಬೆಲೆ ಗೊತ್ತು.

ಮೂರನೆಯದು, ದೀನ್ ಮತ್ತು ದಿನಚರಿ. ಅಝಾನ್ ಕೇಳಿಸುತ್ತದೆ, ಶುಕ್ರವಾರ ರಜೆ, ಹಲಾಲ್ ಆಹಾರಕ್ಕಾಗಿ ಹುಡುಕಬೇಕಾಗಿಲ್ಲ. ರಮಝಾನ್‌ನಲ್ಲಿ ಇಡೀ ದೇಶದ ಗಡಿಯಾರವೇ ಬದಲಾಗುತ್ತದೆ. ಹಾಗೆಂದು ಅದು ಒಂದೇ ಬಣ್ಣದ ಸಮಾಜವಲ್ಲ. ಸುನ್ನಿ ಮತ್ತು ಶಿಯಾ ಮುಸ್ಲಿಮರು ಜತೆಯಾಗಿರುವ ನಾಡು ಅದು. ರಾಜಧಾನಿ ಮನಾಮದ ಹಳೆ ಪೇಟೆಯಲ್ಲಿ ಸಿಂಧಿ ವ್ಯಾಪಾರಿಗಳು ಕಟ್ಟಿದ, ಸುಮಾರು ಎರಡು ಶತಮಾನ ಹಳೆಯ ಶ್ರೀನಾಥಜಿ ದೇವಾಲಯವೂ ಇದೆ. ಬಹರೈನ್ ಕನ್ನಡ ಸಂಘಕ್ಕೆ ಸ್ವಂತ ಕನ್ನಡ ಭವನವಿದೆ. 1950ರಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್‌ನಲ್ಲಿ ನಮ್ಮ ದೇಶದ ಪಠ್ಯಕ್ರಮದಲ್ಲೇ ಮಕ್ಕಳು ಓದುತ್ತಾರೆ. ಹಾಗಾಗಿ ಊರಿಗೆ ಮರಳಿದರೆ ಮಗುವಿನ ವರ್ಷ ಹಾಳಾಗುವುದಿಲ್ಲ.

ನಾಲ್ಕನೆಯದು, ಮಹಿಳೆಯರ ಸ್ಥಾನ. ಹೆಣ್ಣುಮಕ್ಕಳ ಮೊದಲ ಸರಕಾರಿ ಶಾಲೆ ಅಲ್ಲಿ 1928ರಲ್ಲೇ ಶುರುವಾಗಿತ್ತು. 2002ರಲ್ಲಿ ಮಹಿಳೆಯರು ಮತ ಚಲಾಯಿಸಿದರು, ಚುನಾವಣೆಗೂ ನಿಂತರು. 2006ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷ ಸ್ಥಾನದಲ್ಲಿ ಕುಳಿತ ಶೈಖಾ ಹಯಾ ಬಿಂತ್ ರಾಶಿದ್ ಆಲ್ ಖಲೀಫಾ ಈ ಪುಟ್ಟ ದೇಶದವರು. ಮಹಿಳೆ ಕಾರು ಓಡಿಸುವುದು, ಬ್ಯಾಂಕಿನಲ್ಲಿ ದುಡಿಯುವುದು, ಶಿರವಸ್ತ್ರ ಧರಿಸಿ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವುದು ಅಲ್ಲಿ ಯಾರೂ ತಿರುಗಿ ನೋಡುವ ಸಂಗತಿಯಲ್ಲ.

ಐದನೆಯದಾಗಿ ಹಣವನ್ನೂ ಹೇಳೋಣ. ಬಹರೈನ್‌ನ ದೀನಾರ್ ಜಗತ್ತಿನ ಅತ್ಯಂತ ಬೆಲೆಯುಳ್ಳ ಕರೆನ್ಸಿಗಳಲ್ಲಿ ಒಂದು. ಒಂದು ದೀನಾರ್ ಎಂದರೆ ಎರಡೂವರೆ ಡಾಲರ್‌ಗಿಂತ ಹೆಚ್ಚು. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಒಂದು ಕುತೂಹಲದ ವಿಷಯ: 1965ರಲ್ಲಿ ದೀನಾರ್ ಬರುವ ತನಕ ಬಹರೈನ್‌ನಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿ! 1959ರಿಂದ ಗಲ್ಫ್‌ಗಾಗಿಯೇ ವಿಶೇಷ ನೋಟುಗಳನ್ನು ಭಾರತದ ರಿಸರ್ವ್ ಬ್ಯಾಂಕ್ ಅಚ್ಚು ಹಾಕಿಸುತ್ತಿತ್ತು. ಆ ದೇಶ ಬ್ರಿಟಿಷರಿಂದ ಸ್ವತಂತ್ರವಾದ ದಿನವೂ ಆಗಸ್ಟ್ 15. ಆದರೆ ವರ್ಷ 1971.

ಮುತ್ತಿನ ಕಥೆ

ಬಹರೈನ್ ಇಂದು ನಮ್ಮವರನ್ನು ಕರೆಯುತ್ತಿದೆ. ಒಂದು ಕಾಲದಲ್ಲಿ ಅದೂ ನಮ್ಮ ಶಿಡ್ಲಘಟ್ಟದಂತೆಯೇ ಇತ್ತು ಎಂದರೆ ನಂಬುತ್ತೀರಾ? ಎಣ್ಣೆ ಸಿಗುವುದಕ್ಕೆ ಮುನ್ನ ಅಲ್ಲಿನ ಜನರ ಬದುಕು ಮುತ್ತನ್ನು ಅವಲಂಬಿಸಿತ್ತು. ಬೇಸಿಗೆಯ ಸುಮಾರು ನಾಲ್ಕು ತಿಂಗಳು ಗಂಡಸರು ದೋಣಿಗಳಲ್ಲಿ ಹೋಗಿ ಮೂಗಿಗೆ ಚಿಮಟ ಹಾಕಿಕೊಂಡು ಸಮುದ್ರದ ತಳಕ್ಕೆ ಧುಮುಕುತ್ತಿದ್ದರು. ನಾವಿಕನಿಂದ ಮುಂಗಡ ಪಡೆದ ಸಾಲ ತೀರದೆ ವರ್ಷದಿಂದ ವರ್ಷಕ್ಕೆ ಅದೇ ದೋಣಿಗೆ ಕಟ್ಟುಬೀಳುತ್ತಿದ್ದರು. ದಡದಲ್ಲಿ ಹೆಂಗಸರು ಸಮುದ್ರ ನೋಡುತ್ತಾ ಕಾಯುತ್ತಿದ್ದರು. ಆ ಮುತ್ತುಗಳು ಮುಂಬೈಯ ಮಾರುಕಟ್ಟೆಗೆ ಬರುತ್ತಿದ್ದವು.

ಬಳಿಕ ಜಪಾನಿನಲ್ಲಿ ಕೃಷಿ ಮುತ್ತು ಬಂತು, ಜಾಗತಿಕ ಆರ್ಥಿಕ ಕುಸಿತವೂ ಬಂತು. 1930ರ ದಶಕದಲ್ಲಿ ಮುತ್ತಿನ ವ್ಯಾಪಾರ ನೆಲಕಚ್ಚಿತು. ಚೀನಾದ ರೇಷ್ಮೆ ಶಿಡ್ಲಘಟ್ಟಕ್ಕೆ ಏನು ಮಾಡಿತೋ ಜಪಾನಿನ ಮುತ್ತು ಬಹರೈನ್‌ಗೆ ಅದಕ್ಕಿಂತ ಕೆಟ್ಟದ್ದನ್ನು ಮಾಡಿತು. 1932ರಲ್ಲಿ ಅಲ್ಲಿ ಎಣ್ಣೆ ಸಿಗದಿರುತ್ತಿದ್ದರೆ ಆ ದ್ವೀಪದ ಜನರೇ ಕೆಲಸ ಹುಡುಕಿಕೊಂಡು ಬೇರೆ ದೇಶಗಳಿಗೆ ಹೋಗಬೇಕಾಗುತ್ತಿತ್ತು. ಅನ್ನ ಕೊಡುವ ದೇಶ, ಅನ್ನ ಬೇಡುವ ದೇಶ ಎಂಬ ಭೇದ ಶಾಶ್ವತವಲ್ಲ. ಅಲ್ಲಾಹನು ಯಾವಾಗ ಯಾವ ನೆಲದಡಿಯಿಂದ ಯಾರಿಗೆ ರಿಝ್ಕ್ ಕೊಡುವನೆಂದು ಬಲ್ಲವರಾರು?

ಯಾರೂ ಹೇಳದ ಮಾತುಗಳು

ರಜೆಗೆ ಬಂದವರು ಸುಗಂಧ, ಖರ್ಜೂರ, ಚಾಕೊಲೇಟ್ ತರುತ್ತಾರೆ. ಆದರೆ ಕೆಲವು ಮಾತುಗಳನ್ನು ಅಲ್ಲೇ ಬಿಟ್ಟು ಬರುತ್ತಾರೆ. ಅವುಗಳನ್ನೂ ಕೇಳಿರಿ.

ಎಷ್ಟು ವರ್ಷ ದುಡಿದರೂ ಅದು ನಿಮ್ಮ ದೇಶವಾಗುವುದು ಬಹಳ ಅಪರೂಪ. ವಾಸಕ್ಕೆ ಅನುಮತಿ ಇರುವುದು ಕೆಲಸ ಇರುವ ತನಕ. ಕೆಲಸ ಹೋದರೆ ಗಂಡನ ವೀಸಾದ ಮೇಲಿರುವ ಹೆಂಡತಿ ಮಕ್ಕಳ ವೀಸಾವೂ ಹೋಗುತ್ತದೆ. ಕುಟುಂಬವನ್ನು ಕರೆಸಿಕೊಳ್ಳಲು ಗಂಡನ ಸಂಬಳ ನಿಗದಿತ ಮಟ್ಟದಲ್ಲಿರಬೇಕು. ಆ ಮಟ್ಟ ಮುಟ್ಟದವರು ಒಬ್ಬಂಟಿಯಾಗಿ ನಾಲ್ಕೈದು ಮಂದಿಯೊಂದಿಗೆ ಒಂದೇ ಕೋಣೆಯಲ್ಲಿ ಇರುತ್ತಾರೆ. ಅವಲಂಬಿತ ವೀಸಾದಲ್ಲಿ ಹೋದ ಹೆಂಡತಿ ತನ್ನ ಇಷ್ಟದಂತೆ ಕೆಲಸಕ್ಕೆ ಸೇರುವಂತಿಲ್ಲ, ಅದಕ್ಕೆ ಬೇರೆ ಪರವಾನಿಗೆ ಬೇಕು. ಊರಲ್ಲಿ ಶಿಕ್ಷಕಿಯಾಗಿದ್ದವಳು ಅಲ್ಲಿ ನಾಲ್ಕು ಗೋಡೆಗಳ ನಡುವೆ ಕುಳಿತುಕೊಳ್ಳಬೇಕಾಗಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಅದರ ಮೇಲೆ ಸಮುದ್ರದ ತೇವ. ಬಿಸಿಲ ತಿಂಗಳುಗಳಲ್ಲಿ ಮಧ್ಯಾಹ್ನ 12ರಿಂದ 4ರ ತನಕ ಹೊರಗಿನ ಕೆಲಸವನ್ನು ಸರಕಾರವೇ ನಿಷೇಧಿಸುತ್ತದೆ ಎಂದರೆ ನೀವೇ ಊಹಿಸಿ.

ಪುಟ್ಟ ದೇಶದ ಇನ್ನೊಂದು ಅಪಾಯ ಅದರ ನೆರೆಹೊರೆಯದ್ದು. ದೊಡ್ಡವರು ಜಗಳಾಡಿದರೆ ಚಿಕ್ಕವರ ಆಕಾಶ ಮುಚ್ಚುತ್ತದೆ. 1990ರಲ್ಲಿ ಇರಾಕ್ ಕುವೈತ್‌ನೊಳಗೆ ನುಗ್ಗಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಎಲ್ಲವನ್ನೂ ಬಿಟ್ಟು ಮರಳಬೇಕಾಯಿತು. 2025ರ ಜೂನ್‌ನಲ್ಲಿ ಇರಾನ್ ಮತ್ತು ಇಸ್ರೇಲ್ ನಡುವೆ ಸಂಘರ್ಷವಾದಾಗ ಗೌರಿಬಿದನೂರು ತಾಲೂಕಿನ ಅಲೀಪುರದ ಮನೆಗಳಲ್ಲಿ ನಿದ್ದೆಯಿರಲಿಲ್ಲ. ಶಿಯಾ ಮುಸ್ಲಿಮರು ಬಹುಸಂಖ್ಯಾತರಾಗಿರುವ ಆ ಊರಿನ ಅನೇಕ ಮಕ್ಕಳು ಧಾರ್ಮಿಕ ಮತ್ತು ವೈದ್ಯಕೀಯ ಶಿಕ್ಷಣಕ್ಕೆಂದು ಇರಾನ್‌ನಲ್ಲಿದ್ದರು. ಭಾರತ ಸರಕಾರ ಆಪರೇಷನ್ ಸಿಂಧು ಎಂಬ ಹೆಸರಿನಲ್ಲಿ ನಮ್ಮವರನ್ನು ಕರೆತಂದಿತು. ಅದೇ ತಿಂಗಳ 23ರಂದು ಕತಾರ್‌ನ ಸೇನಾ ನೆಲೆಯ ಮೇಲೆ ಕ್ಷಿಪಣಿಗಳು ಬಿದ್ದಾಗ ಬಹರೈನ್ ಸಹಿತ ಗಲ್ಫ್‌ನ ಹಲವು ದೇಶಗಳ ಆಕಾಶ ಕೆಲವು ಗಂಟೆ ಮುಚ್ಚಿತು. ಬಹರೈನ್‌ನಲ್ಲೂ ಅಮೆರಿಕದ ನೌಕಾಪಡೆಯ ನೆಲೆಯಿದೆ. ಆದ್ದರಿಂದ ಹೊರಡುವ ದಿನಗಳಲ್ಲಿ ಪರಿಸ್ಥಿತಿ ಹೇಗಿದೆ, ನಮ್ಮ ರಾಯಭಾರ ಕಚೇರಿಯ ಸೂಚನೆ ಏನು ಎಂಬುದನ್ನು ತಿಳಿದುಕೊಳ್ಳದೆ ಟಿಕೆಟು ಕೊಳ್ಳಬೇಡಿ.

ಕೂಲಿ ಕೆಲಸಕ್ಕೆ ಹೋಗುವವರ ವಾಸದ ಸ್ಥಿತಿಯನ್ನೂ ಕಡೆಗಣಿಸುವಂತಿಲ್ಲ. 2024ರ ಜೂನ್ 12ರಂದು ಕುವೈತ್‌ನ ಮಂಗಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು 45 ಮಂದಿ ಭಾರತೀಯರು ಸಾವಿಗೀಡಾದರು. ಅವರೆಲ್ಲರೂ ಮನೆಗೆ ಹಣ ಕಳಿಸುವವರಾಗಿದ್ದರು.

ಅಬಿಸೀನಿಯಾ ಕಲಿಸುವ ಪಾಠ

ನಮ್ಮ ಇತಿಹಾಸದ ಮೊದಲ ವಲಸೆ ಯಾವುದು ಗೊತ್ತೇ? ಮದೀನಾದ ಹಿಜ್ರಾಕ್ಕಿಂತ ಮುಂಚೆ, ಕ್ರಿ.ಶ. 615ರಲ್ಲಿ, ಮಕ್ಕಾದ ಹಿಂಸೆ ತಾಳಲಾಗದೆ ಮುಸ್ಲಿಮರ ಸಣ್ಣ ಗುಂಪೊಂದು ಕೆಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋಯಿತು. ಪ್ರವಾದಿ ಮುಹಮ್ಮದ್(ಸ)ರು ಆ ದೇಶವನ್ನು ಸೂಚಿಸಿದ್ದು ಅಲ್ಲಿ ಸಂಪತ್ತಿದೆ ಎಂದಲ್ಲ. ಅಲ್ಲಿನ ಅರಸ ನಜ್ಜಾಶಿಯ ಬಳಿ ಯಾರ ಮೇಲೂ ಅನ್ಯಾಯವಾಗುವುದಿಲ್ಲ ಎಂಬ ಕಾರಣಕ್ಕೆ. ಆತ ಕ್ರೈಸ್ತನಾಗಿದ್ದ. ಮಕ್ಕಾದ ಕುರೈಶರು ಉಡುಗೊರೆಗಳೊಂದಿಗೆ ದೂತರನ್ನು ಕಳಿಸಿ ವಲಸಿಗರನ್ನು ಒಪ್ಪಿಸಬೇಕೆಂದು ಕೇಳಿದಾಗ ಆತ ಎರಡೂ ಕಡೆಯ ಮಾತು ಕೇಳಿದ. ಹಝ್ರತ್ ಜಅಫರ್(ರ)ರು ಅವನ ಮುಂದೆ ಮರ್ಯಮ್ ಅಧ್ಯಾಯದ ಭಾಗವನ್ನು ಓದಿದರು. ಅರಸ ಉಡುಗೊರೆಗಳನ್ನು ಹಿಂದಿರುಗಿಸಿ ವಲಸಿಗರಿಗೆ ಆಶ್ರಯ ಕೊಟ್ಟ.

ಈ ಘಟನೆಯ ವಿವರ ನಮಗೆ ತಲುಪಿದ್ದು ಒಬ್ಬ ಮಹಿಳೆಯಿಂದ, ಸ್ವತಃ ಆ ವಲಸೆಯಲ್ಲಿದ್ದ ಹಝ್ರತ್ ಉಮ್ಮು ಸಲಮಾ(ರ)ರಿಂದ. ಪ್ರವಾದಿ(ಸ)ಯವರ ಪುತ್ರಿ ಹಝ್ರತ್ ರುಖಿಯ್ಯಾ(ರ) ಪತಿಯೊಂದಿಗೆ ಹೋಗಿದ್ದರು. ಹಝ್ರತ್ ಅಸ್ಮಾ ಬಿಂತ್ ಉಮೈಸ್(ರ) ಮಕ್ಕಳನ್ನು ಹೆತ್ತದ್ದು ಆ ಪರದೇಶದಲ್ಲಿಯೇ. ಆ ಪ್ರಯಾಣದಲ್ಲಿ ಮಹಿಳೆಯರು ಕೇವಲ ಸಾಮಾನಿನಂತೆ ಸಾಗಿಸಲ್ಪಟ್ಟವರಲ್ಲ. ಕಾರಣ ಗೊತ್ತಿದ್ದು, ಕಣ್ಣು ತೆರೆದು ಹೋದವರು. ಜಅಫರ್(ರ)ರ ತಂಡ 628ರಲ್ಲಿ ಮದೀನಾಕ್ಕೆ ಮರಳಿತು. ಯಾವ ಕಾರಣಕ್ಕಾಗಿ ಹೋಗಿದ್ದರೋ ಆ ಕಾರಣ ಮುಗಿದ ಮೇಲೆ ತಮ್ಮ ಜನರ ನಡುವೆ ಬಂದು ಸೇರಿದರು.

ಹೊರಡುವ ಮುನ್ನ

ಸಹೋದರಿಯರೇ, ಹೋಗಬೇಡಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಹೋಗಲೇಬೇಕೆಂದೂ ಹೇಳುತ್ತಿಲ್ಲ. ಮನೆಯಲ್ಲಿ ಮಾತು ಬಂದಾಗ ಕಾಗದದ ಮೇಲೆ ಕಾರಣಗಳನ್ನು ಬರೆಯಿರಿ. ಗಂಡನ ಕಾರಣಗಳು ಒಂದು ಸಾಲು, ನಿಮ್ಮ ಕಾರಣಗಳು ಇನ್ನೊಂದು ಸಾಲು. ಬಳಿಕ ಎರಡರಿಂದಲೂ ಹಣವನ್ನು ಹೊಡೆದು ಹಾಕಿ. ಏನಾದರೂ ಉಳಿಯಿತೇ? ಕುಟುಂಬ ಜತೆಯಾಗಿರುವುದು, ಮಗಳ ಓದು, ನೆಮ್ಮದಿಯ ಇಬಾದತ್ ಇತ್ಯಾದಿ ಉಳಿದರೆ ನಿಮ್ಮ ನಿರ್ಧಾರಕ್ಕೆ ಕಾಲಿದೆ. ಏನೂ ಉಳಿಯದಿದ್ದರೆ ಹೋಗುವುದು ತಪ್ಪಲ್ಲ, ಆದರೆ ಎಷ್ಟು ವರ್ಷ, ಎಷ್ಟು ಮೊತ್ತ ಎಂದು ಮೊದಲೇ ಗೆರೆ ಎಳೆದುಕೊಳ್ಳಿ. ಗೆರೆ ಎಳೆಯದವರ ಎರಡು ವರ್ಷ ಇಪ್ಪತ್ತಾಗುತ್ತದೆ.

ಕೆಲವು ನಿಯಮಗಳು ನಿಮಗೆ ಗೊತ್ತಿರಲಿ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದಾಗಿರುತ್ತದೆ. ಅಂಥವರು ಬಹರೈನ್ ಸಹಿತ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರಕಾರದ ವಲಸೆ ಅನುಮತಿ ಪಡೆಯಬೇಕು. ಈ ವರ್ಗದ ಮಹಿಳೆಯರಿಗೆ ಮನೆಗೆಲಸಕ್ಕೆ ಹೋಗಲು ಕನಿಷ್ಠ 30 ವರ್ಷ ತುಂಬಿರಬೇಕು. ಖಾಸಗಿ ಏಜೆಂಟರ ಮೂಲಕ ಅಲ್ಲ, ಸರಕಾರ ಗೊತ್ತುಪಡಿಸಿದ ಸಂಸ್ಥೆಗಳ ಮೂಲಕವೇ ಅವರು ಹೋಗಬೇಕು. ಉಳಿದ ಕೆಲಸಗಳಿಗೂ ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಏಜೆಂಟ್ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್‌ನಲ್ಲಿ ನೋಡಬಹುದು. ಲಕ್ಷಗಟ್ಟಲೆ ಕೇಳಿದರೆ, "ಸದ್ಯ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ" ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಹಾಗೆ ಹೋದವರಿಗೆ ಕಾನೂನಿನ ರಕ್ಷಣೆ ಸಿಗುವುದು ಕಷ್ಟ. ವಲಸೆ ಅನುಮತಿಯ ಜತೆ ದೊರೆಯುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವು ಅಥವಾ ಶಾಶ್ವತ ಅಂಗವಿಕಲತೆಗೆ 10 ಲಕ್ಷ ರೂಪಾಯಿಯ ವಿಮೆಯಿದೆ. ಒಪ್ಪಂದ ಪತ್ರದ ಪ್ರತಿ, ವೀಸಾದ ಪ್ರತಿ, ಪಾಸ್‌ಪೋರ್ಟ್‌ನ ಪ್ರತಿ ಹೋಗುವವನ ಚೀಲದಲ್ಲಿ ಮಾತ್ರವಲ್ಲ, ಮನೆಯ ಕಪಾಟಿನಲ್ಲೂ ಇರಲಿ. ಅದನ್ನು ಓದಿ ತಿಳಿದುಕೊಳ್ಳುವವರು ನೀವಾಗಿರಿ.

ಚಿನ್ನ ಅಡವಿಟ್ಟು ಹೋಗುವುದಾದರೆ ಅದು ನಿಮ್ಮ ಮಹ್ರ್‌ನ ಚಿನ್ನವೇ ಎಂದು ನೋಡಿ. ಮಹ್ರ್ ನಿಮ್ಮ ಹಕ್ಕು. ಮನಸ್ಸಿನಿಂದ ಕೊಡುವುದು ಬೇರೆ, ಕೇಳದೆ ತೆಗೆದುಕೊಳ್ಳುವುದು ಬೇರೆ. ಅತ್ತೆ ಮಾವ ಯಾರ ಜತೆ ಇರುತ್ತಾರೆ, ಅವರ ಔಷಧಿಗೆ ಯಾರು ಹೋಗುತ್ತಾರೆ ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಿರಿ. ಊರಿನ ಕಸುಬನ್ನು ಕೈಬಿಡಬೇಡಿ. ರೇಷ್ಮೆಯ ನೂಲು, ದ್ರಾಕ್ಷಿಯ ಚಪ್ಪರ, ಹೂವಿನ ತೋಟ, ಟೊಮೆಟೊದ ವ್ಯಾಪಾರ ಇವುಗಳಲ್ಲಿ ಯಾವುದಕ್ಕಾದರೂ ಅಲ್ಲಿನ ಉಳಿತಾಯ ಬೆನ್ನಾಗಬಲ್ಲದೇ ಎಂದು ಯೋಚಿಸಿ. ಸಾಲ ತೀರಿಸಲು ಹೋದವನು ಹೊಸ ಮನೆಗೆ ಮಾರ್ಬಲ್ ಹಾಕಿಸಿ ಮತ್ತೆ ಸಾಲಗಾರನಾಗುವುದು ನಾವು ಕಾಣದ ಸಂಗತಿಯೇನಲ್ಲ. ಸಣ್ಣ ರೀಲಿಂಗ್ ಘಟಕವೊಂದಕ್ಕೆ ಒಳ್ಳೆಯ ಯಂತ್ರ ಬಂದರೆ ಬಿಸಿನೀರಿನಲ್ಲಿ ಬೇಯುವ ಕೆಲವು ಕೈಗಳಾದರೂ ಬಿಡುಗಡೆ ಪಡೆಯುತ್ತವೆ.

ಮಕ್ಕಳಿಗೆ ಕನ್ನಡ ಓದಲು ಬರೆಯಲು ಕಲಿಸುವುದನ್ನು ಬಿಡಬೇಡಿ. ಅರಬಿ ಬರಲಿ, ಇಂಗ್ಲಿಷ್ ಬರಲಿ, ಆದರೆ ಅಜ್ಜಿಯ ದಕ್ಖನಿಯೂ ಊರಿನ ಕನ್ನಡವೂ ಮರೆತ ಮಗು ರಜೆಗೆ ಬಂದಾಗ ಸ್ವಂತ ಓಣಿಯಲ್ಲೇ ಪ್ರವಾಸಿಯಾಗುತ್ತದೆ.

ದೇವನಹಳ್ಳಿಯ ನಿಲ್ದಾಣದಿಂದ ಹೋಗುವ ದಾರಿ ಈಗ ಬಹಳ ಹತ್ತಿರವಾಗಿದೆ. ಮರಳುವ ದಾರಿಯೂ ಅಷ್ಟೇ ಹತ್ತಿರವಿರುವಂತೆ ನೋಡಿಕೊಳ್ಳುವುದು ಹೋಗುವವರ ಕೈಯಲ್ಲಿದೆ. ನಿರ್ಧಾರ ಯಾವುದೇ ಇರಲಿ, ಅದರಲ್ಲಿ ನಿಮ್ಮ ಸಮ್ಮತಿಯೂ ಇರಲಿ. ಹೋದವರನ್ನೂ ಉಳಿದವರನ್ನೂ ಅಲ್ಲಾಹನು ಹಲಾಲ್ ಅನ್ನದಿಂದ, ಒಬ್ಬರಿಗೊಬ್ಬರ ಸಾಮೀಪ್ಯದಿಂದ ಅನುಗ್ರಹಿಸಲಿ.